ಫ್ರಿಜ್ ಯಾಕ ತಂಪಾಗವಲ್ದು?

ಬ್ಯಾಸಗಿಯಲ್ಲಿ ಬೀದರ, ಭಾಲ್ಕಿ, ಔರಾದದ ಬಿಸಿಲು ಸುಡುತ್ತದೆ. ಆಗ ಫ್ರಿಜ್ ಕೆಟ್ಟರೆ ಹಾಲು ಒಡೆಯುತ್ತದೆ. ಶುಗರ್ ಇದ್ದವರ ಇನ್ಸುಲಿನ್ ಕೆಡುತ್ತದೆ.

ಅಕ್ಕಂದಿರೇ, ಮೆಕ್ಯಾನಿಕ್‌ನನ್ನು ಕರೆಯುವ ಮೊದಲು ನೀವೇ ನೋಡಿರಿ.

1. ಕರೆಂಟು: ಒಳಗಿನ ದೀಪ ಹತ್ತುತ್ತದೆಯೇ? ದೀಪ ಮಂದವಾದರೆ ವೋಲ್ಟೇಜ್ ಕಡಿಮೆ ಇರಬಹುದು.

2. ಗುಂಡಿ: ಚಳಿಗಾಲದಲ್ಲಿ ಕಡಿಮೆ ಮಾಡಿದ್ದರೆ ಈಗ ಹೆಚ್ಚಿಸಿರಿ.

3. ಬಾಗಿಲು: ಕಾಗದದ ಚೂರು ಇಟ್ಟು ಬಾಗಿಲು ಮುಚ್ಚಿರಿ. ಎಳೆದರೆ ಸರಕ್ಕನೆ ಬಂತೇ? ರಬ್ಬರು ಸಡಿಲಾಗಿದೆ. ಸೋಪಿನ ನೀರಿನಿಂದ ಒರೆಸಿ ಮತ್ತೆ ನೋಡಿರಿ.

4. ಬರ್ಫ: ದಪ್ಪಗೆ ಕಟ್ಟಿದ್ದರೆ ಪ್ಲಗ್ ತೆಗೆದು ಬಾಗಿಲು ತೆರೆದಿಡಿರಿ. ತಾನೇ ಕರಗಲಿ. ಚಾಕುವಿನಿಂದ ಕೆರೆಯಬ್ಯಾಡ್ರಿ. ಕೊಳವೆ ತೂತಾದರೆ ಗ್ಯಾಸ್ ಹೋಗುತ್ತದೆ.

5. ಹಿಂಭಾಗ: ಫ್ರಿಜ್ ಒಳಗಿನ ಕಾವನ್ನು ಹೊರಗೆ ಹಾಕುತ್ತದೆ. ಹಿಂದಿನ ಜಾಲರಿಗೆ ಧೂಳು ಹತ್ತಿದರೆ ಕಾವು ಹೋಗುವುದಿಲ್ಲ. ಪ್ಲಗ್ ತೆಗೆದು ಧೂಳು ಝಾಡಿಸಿರಿ. ಗೋಡೆಯಿಂದ ನಾಲ್ಕು ಬೆರಳು ದೂರ ಇಡಿರಿ.

ಬಿಸಿ ಸಾರು ಒಳಗೆ ಇಡಬ್ಯಾಡ್ರಿ.

ಒಂದು ದಿನ ಕಾದರೂ ತಂಪಾಗದಿದ್ದರೆ ಮೆಕ್ಯಾನಿಕ್‌ನನ್ನು ಕರೆಯಿರಿ. "ಗ್ಯಾಸ್ ಇಲ್ಲ" ಅಂದರೆ, "ಎಲ್ಲಿ ಸೋರಿದೆ, ತೋರ್ಸಪ್ಪಾ" ಎಂದು ಕೇಳಿರಿ. ತೂತು ಮುಚ್ಚದೆ ಗ್ಯಾಸ್ ತುಂಬಿದರೆ ಮತ್ತೆ ಸೋರುತ್ತದೆ. ರೊಕ್ಕ ಹಾಳು. ರಶೀದಿ ಓದಿ ರೊಕ್ಕ ಕೊಡಿರಿ.

ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ತಂಪು ಬೇಕು. ಫ್ರಿಜ್ ರಿಪೇರಿ ಆಗುವ ತನಕ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮಣ್ಣಿನ ಗಡಿಗೆಯ ನೀರಿನಲ್ಲಿ ಇಡಿರಿ. ಬರ್ಫದಲ್ಲಿ ಮಾತ್ರ ಬ್ಯಾಡ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಮುಂದೆ ಬಳಸಬಹುದೇ ಎಂದು ಡಾಕ್ಟರರನ್ನು ಕೇಳಿರಿ.

ಹೇಳಿರಿ: ಬರ್ಫವನ್ನು ಚಾಕುವಿನಿಂದ ಯಾಕೆ ಕೆರೆಯಬಾರದು?

ಬರೆಯಿರಿ: ಬಾಗಿಲು, ಧೂಳು, ಗಡಿಗೆ, ರಶೀದಿ.