ಹೆಸರೊಂದು, ಅಳತೆ ಹಲವು: ಬಿಲ್ಲಿನಲ್ಲಿ ಬರೆಯುವ ಮಾನಗಳ ಕುರಿತು

ಜಯನಗರ 4ನೇ ಬ್ಲಾಕಿನ ಬಟ್ಟೆ ವರ್ತಕರೊಬ್ಬರು 5,000 ಮೀಟರ್ ಬಟ್ಟೆಯನ್ನು ಮೀಟರಿಗೆ 120 ರೂಪಾಯಿಯಂತೆ ಮಾರಿದರೆಂದು ಭಾವಿಸೋಣ. ಬಿಲ್ಲಿನ ಮೊತ್ತ 6,00,000 ರೂಪಾಯಿ. ದರ ಸರಿಯಿದೆ, ತೆರಿಗೆ ಸರಿಯಿದೆ. ಆದರೆ ಲೆಕ್ಕ ಬರೆಯುವ ಗುಮಾಸ್ತರು ಮಾನದ ಸಂಕೇತವನ್ನು ಆಯ್ಕೆ ಮಾಡುವಾಗ, ‘ಮೀಟರ್ಸ್’ ಎಂಬುದರ ಸಂಕ್ಷೇಪವಿರಬೇಕೆಂದು ತಿಳಿದು ‘ಎಂ.ಟಿ.ಎಸ್.’ ಎಂಬುದನ್ನು ಒತ್ತುತ್ತಾರೆ. ಜಿ.ಎಸ್.ಟಿ. ವ್ಯವಸ್ಥೆಯ ಸಂಕೇತ ಪಟ್ಟಿಯಲ್ಲಿ ಎಂ.ಟಿ.ಎಸ್. ಎಂದರೆ ಮೆಟ್ರಿಕ್ ಟನ್. ಹೀಗಾಗಿ ಇಲಾಖೆಯ ಗಣಕದ ದೃಷ್ಟಿಯಲ್ಲಿ ಈ ವರ್ತಕರು 50 ಲಕ್ಷ ಕಿಲೋಗ್ರಾಂ ಬಟ್ಟೆಯನ್ನು ಕಿಲೋಗೆ 12 ಪೈಸೆಯಂತೆ ಮಾರಿದ್ದಾರೆ. ಅದೂ ಒಂದೇ ಟೆಂಪೋದಲ್ಲಿ ಸಾಗಿಸಿದ್ದಾರೆ!

ಮೀಟರಿನ ಸಂಕೇತ ‘ಎಂ.ಟಿ.ಆರ್.’ (ಲಾಲ್‌ಬಾಗ್ ರಸ್ತೆಯ ರವೆ ಇಡ್ಲಿಯನ್ನು ನೆನೆದರೆ ದಕ್ಷಿಣ ಬೆಂಗಳೂರಿನ ಗುಮಾಸ್ತರಿಗೆ ಇದು ಮರೆಯಲಾರದು.) ತೆರಿಗೆಯ ಮೊತ್ತ ಬದಲಾಗದಿದ್ದ ಮೇಲೆ ಇದರಿಂದ ತೊಂದರೆಯೇನು ಎಂದು ಕೆಲವರು ಕೇಳುವುದುಂಟು. ಜಿ.ಎಸ್.ಟಿ.ಆರ್.-1 ನಮೂನೆಯ ಎಚ್.ಎಸ್.ಎನ್. ಸಾರಾಂಶದಲ್ಲಿ ಮೌಲ್ಯದೊಡನೆ ಪ್ರಮಾಣವನ್ನೂ ಮಾನವನ್ನೂ ತೋರಿಸಬೇಕಾಗುತ್ತದೆ. ಇ-ವೇ ಬಿಲ್ಲಿನಲ್ಲಿಯೂ ಅದೇ ಮಾನ ನಮೂದಾಗುತ್ತದೆ. ಒಮ್ಮೆ ಸೃಷ್ಟಿಯಾದ ಇ-ವೇ ಬಿಲ್ಲಿನ ಸರಕಿನ ವಿವರವನ್ನು ತಿದ್ದಲು ಬರುವುದಿಲ್ಲ; 24 ಗಂಟೆಗಳೊಳಗೆ ರದ್ದುಪಡಿಸಿ ಹೊಸದನ್ನು ಪಡೆಯಬೇಕು. ರಸ್ತೆಯಲ್ಲಿ ವಾಹನವನ್ನು ತಡೆದ ಅಧಿಕಾರಿಗೆ ಗುಮಾಸ್ತರ ಊಹೆಯನ್ನು ವಿವರಿಸುವುದು ಚಾಲಕನಿಂದ ಆಗುವ ಕೆಲಸವಲ್ಲ.

ಹೆಸರು ಒಂದೇ ಇದ್ದು ಅಳತೆ ಬೇರೆಯಾಗುವ ಈ ತೊಡಕು ಹೊಸದಲ್ಲ. ‘ಮಣ’ ಎಂಬ ಒಂದೇ ಹೆಸರು ಮದರಾಸಿನಲ್ಲಿ 25 ಪೌಂಡ್, ಮುಂಬಯಿಯಲ್ಲಿ 28 ಪೌಂಡ್, ಬಂಗಾಳದಲ್ಲಿ 82 ಪೌಂಡಿಗೂ ಮಿಗಿಲು. ಕಿಲೋಗ್ರಾಂ ಲೆಕ್ಕದಲ್ಲಿ ಇವು ಸುಮಾರು 11.34, 12.70 ಮತ್ತು 37.32. ಮೈಸೂರು ಸೀಮೆಯಲ್ಲಿ 24 ರೂಪಾಯಿ ನಾಣ್ಯಗಳ ತೂಕದ ಕಚ್ಚಾ ಸೇರು ಬಳಕೆಯಲ್ಲಿತ್ತು. ಅದು ಈಗಿನ 280 ಗ್ರಾಂಗೆ ಹತ್ತಿರ. 80 ತೊಲದ ಪಕ್ಕಾ ಸೇರು 933 ಗ್ರಾಂ. ಇವೆರಡೂ ತೂಕದ ಸೇರುಗಳು. ರಾಗಿ, ಅಕ್ಕಿಗಳನ್ನು ಅಳೆಯುವ ಸೇರು ಬೇರೆಯೇ ಒಂದು ಪಾತ್ರೆ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಇಂದಿಗೂ ‘ಸೇರಿಗೆ ಎಷ್ಟು’ ಎಂದೇ ಕೇಳುತ್ತಾರೆ. ಅಲ್ಲಿ ತಕ್ಕಡಿಗೆ ಕೆಲಸವಿಲ್ಲ. ಪರ ಊರಿನ ದಲಾಲಿಯೊಡನೆ ಮಣದ ಲೆಕ್ಕದಲ್ಲಿ ಮಾತು ಮುಗಿಸಿದ ವರ್ತಕನ ಪಾಡು ಏನಾಗುತ್ತಿದ್ದಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. 1956ರ ತೂಕ ಮತ್ತು ಅಳತೆಗಳ ಮಾನಕ ಕಾಯಿದೆಯಿಂದ ಮೆಟ್ರಿಕ್ ಪದ್ಧತಿ ದೇಶಕ್ಕೆ ಬಂದಿತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಯಾಯಿತು.

ದೇಶದೊಳಗಿನ ಮಣ ಹೋಯಿತು. ವಿದೇಶದ ಟನ್ ಉಳಿಯಿತು. ಮೆಟ್ರಿಕ್ ಟನ್ ಎಂದರೆ 1,000 ಕಿಲೋಗ್ರಾಂ. ಬ್ರಿಟನ್ನಿನ ಹಳೆಯ ಟನ್ 2,240 ಪೌಂಡ್, ಅಂದರೆ 1,016 ಕಿಲೋಗ್ರಾಂ. ಅಮೆರಿಕದಲ್ಲಿ ಬರಿದೆ ‘ಟನ್’ ಎಂದರೆ ಸಾಮಾನ್ಯವಾಗಿ 2,000 ಪೌಂಡ್, ಅಂದರೆ 907 ಕಿಲೋಗ್ರಾಂ ಮಾತ್ರ. ಇಲ್ಲಿನ ಸಣ್ಣ ಕೈಗಾರಿಕೋದ್ಯಮಿಯೊಬ್ಬರು ಅಮೆರಿಕದಿಂದ 25 ಟನ್ ಕಚ್ಚಾ ಮಾಲನ್ನು ಮೆಟ್ರಿಕ್ ಟನ್ ಎಂದೇ ನಂಬಿ ತರಿಸಿದರೆ, ಕೈಗೆ ಬರುವುದು 22,680 ಕಿಲೋಗ್ರಾಂ. ಕಡಿಮೆಯಾದದ್ದು 2,320 ಕಿಲೋಗ್ರಾಂ. ಕಿಲೋಗೆ 60 ರೂಪಾಯಿಯೆಂದರೂ 1,39,200 ರೂಪಾಯಿ.

ನಷ್ಟ ಇಲ್ಲಿಗೇ ನಿಲ್ಲುವುದಿಲ್ಲ. ದಾಸ್ತಾನು ಪುಸ್ತಕದಲ್ಲಿ 25,000 ಕಿಲೋಗ್ರಾಂ ಜಮೆಯಾಗಿದ್ದರೆ, ವರ್ಷಾಂತ್ಯದ ದಾಸ್ತಾನು ಎಣಿಕೆಯಲ್ಲಿ ಮಾಲು ಕಡಿಮೆ ಕಾಣುತ್ತದೆ. ಕಾರಣ ತಿಳಿಯದೆ ಅದನ್ನು ನಷ್ಟವೆಂದು ಪುಸ್ತಕದಿಂದ ತೆಗೆದುಹಾಕಿದರೆ, ಕೇಂದ್ರ ಜಿ.ಎಸ್.ಟಿ. ಕಾಯಿದೆ 2017ರ 17(5)(ಎಚ್) ಕಲಮು ಎದುರಾಗುತ್ತದೆ. ಕಳೆದುಹೋದ, ಕಳುವಾದ, ನಾಶವಾದ ಅಥವಾ ಪುಸ್ತಕದಿಂದ ತೆಗೆದುಹಾಕಿದ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಎಂದೂ ಬಾರದ ಮಾಲನ್ನು ‘ಕಳೆದುಕೊಂಡು’, ಅದರ ತೆರಿಗೆ ಜಮೆಯನ್ನೂ ಬಿಟ್ಟುಕೊಡುವ ಪ್ರಸಂಗವಿದು. ಮೂಲ ಕಾಗದಗಳಲ್ಲಿ ಪೌಂಡಿನ ಲೆಕ್ಕ ಸ್ಪಷ್ಟವಾಗಿದ್ದರೆ ಇದು ನಮೂದಿನ ತಪ್ಪೆಂದು ತೋರಿಸಿಕೊಡಬಹುದು. ಇಲ್ಲದಿದ್ದರೆ ವಾದಕ್ಕೆ ಆಧಾರವೇ ಇರುವುದಿಲ್ಲ.

ಗ್ಯಾಲನ್ನಿನ ಕಥೆಯೂ ಇಂತಹುದೇ: ಬ್ರಿಟನ್ನಿನದು 4.546 ಲೀಟರ್, ಅಮೆರಿಕದ್ದು 3.785 ಲೀಟರ್. ಜಿ.ಎಸ್.ಟಿ. ಪಟ್ಟಿಯಲ್ಲಿ ‘ಯು.ಜಿ.ಎಸ್.’ ಎಂಬುದು ಅಮೆರಿಕದ ಗ್ಯಾಲನ್ ಎಂದು ಸ್ಪಷ್ಟವಾಗಿಯೇ ಹೇಳಿದೆ. ಇನ್ನು ಹವಾನಿಯಂತ್ರಣ ಯಂತ್ರದ ‘ಒಂದೂವರೆ ಟನ್’ ತೂಕವೇ ಅಲ್ಲ. ಒಂದು ಅಮೆರಿಕನ್ ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖದಿಂದ ಬಂದ ಮಾನವದು. ಒಂದು ಟನ್ನಿಗೆ ಸುಮಾರು 3.5 ಕಿಲೋವ್ಯಾಟ್.

ತಂತಿಯೊಡನೆ ವ್ಯವಹರಿಸುವವರು ಗೇಜಿನ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಬೇಕಾಗಿದೆ. ಮೋಟಾರು ಸುತ್ತುವ ನಮ್ಮ ಕಾರ್ಯಾಗಾರಗಳಲ್ಲಿ ಗೇಜ್ ಎಂದರೆ ಬ್ರಿಟಿಷ್ ಮೂಲದ ಎಸ್.ಡಬ್ಲ್ಯು.ಜಿ. ಅದರಂತೆ 16 ಗೇಜಿನ ತಂತಿ 1.626 ಮಿಲಿಮೀಟರ್ ದಪ್ಪ. ಅಮೆರಿಕದ ಎ.ಡಬ್ಲ್ಯು.ಜಿ. ಪ್ರಕಾರ ಅದೇ 16 ಎಂದರೆ 1.291 ಮಿಲಿಮೀಟರ್. ವ್ಯತ್ಯಾಸ ಕೂದಲೆಳೆಯಷ್ಟೆಂದು ತೋರಬಹುದು. ಆದರೆ ತಾಮ್ರ ಖರ್ಚಾಗುವುದು ತಂತಿಯ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಅನುಗುಣವಾಗಿ. ಆ ಲೆಕ್ಕದಲ್ಲಿ ಮೀಟರೊಂದಕ್ಕೆ ಸುಮಾರು 58 ಶೇಕಡಾ ಹೆಚ್ಚು ತಾಮ್ರ ಹೋಗುತ್ತದೆ. ಅಮೆರಿಕದ ಗ್ರಾಹಕರ ‘16 ಗೇಜ್’ ಬೇಡಿಕೆಗೆ ನಮ್ಮ ಗೇಜಿನಲ್ಲಿ ದರ ಕೊಟ್ಟವರು ದುಬಾರಿಯೆನಿಸಿ ವ್ಯಾಪಾರ ಕಳೆದುಕೊಳ್ಳುತ್ತಾರೆ. ಅವರ ಗೇಜಿಗೆ ದರ ಕೊಟ್ಟು ನಮ್ಮ ತಂತಿ ಸುತ್ತಿದವರು ಲಾಭ ಕಳೆದುಕೊಳ್ಳುತ್ತಾರೆ.

ಕಟ್ಟಡ ಸಾಮಗ್ರಿಯ ವರ್ತಕರಿಗೆ ಮನೆಯ ಹತ್ತಿರದ್ದೇ ಉದಾಹರಣೆಯಿದೆ. ಬನಶಂಕರಿಯ ಮೇಸ್ತ್ರಿ ‘ಹನ್ನೆರಡು ಚದರದ ಮನೆ’ ಎಂದರೆ 1,200 ಚದರ ಅಡಿ, ಅಂದರೆ 111.48 ಚದರ ಮೀಟರ್. ಬರಿಯ ‘ಚದರ’ ಎಂಬುದು ನೂರು ಚದರ ಅಡಿ ಎಂಬುದು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳದೆ ತಿಳಿಯುವುದಿಲ್ಲ. ಹೈದರಾಬಾದಿನಿಂದ ಬಂದವರು ನಿವೇಶನವನ್ನು ‘200 ಗಜ’ ಎಂದರೆ ಅದು 200 ಚದರ ಗಜ, ಅಂದರೆ 1,800 ಚದರ ಅಡಿ.

ಕಾನೂನು ಮಾಪನಶಾಸ್ತ್ರ ಕಾಯಿದೆ 2009 ಜಾರಿಗೆ ಬಂದದ್ದು 1-4-2011ರಿಂದ. ಅದರ 11ನೇ ಕಲಮಿನಂತೆ ದರ ಹೇಳುವುದು, ದರಪಟ್ಟಿ ಹಾಗೂ ಬಿಲ್ಲು ನೀಡುವುದು, ಜಾಹೀರಾತು ಕೊಡುವುದು ಎಲ್ಲವೂ ಮಾನಕ ಅಳತೆಯಲ್ಲಿಯೇ ಇರತಕ್ಕದ್ದು. ರಫ್ತು ಮಾಲಿಗೆ ಈ ಕಲಮು ಅನ್ವಯಿಸುವುದಿಲ್ಲವಾದ್ದರಿಂದ ವಿದೇಶಿ ಗ್ರಾಹಕರಿಗೆ ಪೌಂಡಿನಲ್ಲಿ ಬಿಲ್ಲು ಮಾಡುವುದಕ್ಕೆ ಅದು ಅಡ್ಡಿಯಲ್ಲ. ಆದರೂ ಖರೀದಿ ಆದೇಶದಲ್ಲಿಯೇ ಟನ್ನಿನ ಪಕ್ಕದಲ್ಲಿ ಕಿಲೋಗ್ರಾಂ, ಗೇಜಿನ ಪಕ್ಕದಲ್ಲಿ ಮಿಲಿಮೀಟರ್ ಬರೆಸಿಕೊಳ್ಳುವುದು ಒಳ್ಳೆಯದು. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ಸರಕಿಗೂ ಮಾನದ ಸಂಕೇತವನ್ನು ಸಾಮಾನ್ಯವಾಗಿ ಒಮ್ಮೆ ಮಾತ್ರ ಜೋಡಿಸಲಾಗುತ್ತದೆ. ಅಲ್ಲಿ ತಪ್ಪಿದರೆ ಮುಂದಿನ ಬಿಲ್ಲುಗಳೆಲ್ಲವೂ ತಪ್ಪುತ್ತವೆ. ಗುಂಡಿ, ಹುಕ್ಕುಗಳನ್ನು ಮಾರುವವರು ಇದನ್ನು ಮೊದಲು ನೋಡಬೇಕು: ಪಟ್ಟಿಯಲ್ಲಿ ಗ್ರೋಸ್ ಎಂದರೆ 144, ಟೆನ್ ಗ್ರೋಸ್ ಎಂದರೆ 1,440, ಗ್ರೇಟ್ ಗ್ರೋಸ್ ಎಂದರೆ 1,728. ಮೂರಕ್ಕೂ ಬೇರೆ ಬೇರೆ ಸಂಕೇತಗಳಿವೆ. ಮುಂದಿನ ತಿಂಗಳ ರಿಟರ್ನ್ ಸಲ್ಲಿಸುವ ಮುನ್ನ ಸರಕುಗಳ ಪಟ್ಟಿಯನ್ನು ಮುದ್ರಿಸಿ, ಮಾನದ ಅಂಕಣವೊಂದನ್ನು ಮಾಲೀಕರೇ ಓದಿ ನೋಡುವುದು ಅರ್ಧ ಗಂಟೆಯ ಕೆಲಸ.