ಹಳೇ ಕಾರಿನ ಬಿಡಿಭಾಗ ಪಾರ್ಸೆಲ್ ಕಟ್ಟುವ ಮುನ್ನ

ಅಂಬಾಸಡರ್ ತಯಾರಿಕೆ ನಿಂತದ್ದು 2014ರಲ್ಲಿ. ಪ್ರೀಮಿಯರ್ ಪದ್ಮಿನಿ ಅದಕ್ಕೂ ಒಂದು ದಶಕಕ್ಕಿಂತ ಹೆಚ್ಚು ಮೊದಲೇ ನಿಂತಿತ್ತು. 1948ರಲ್ಲಿ ಹುಟ್ಟಿದ ಮಾರಿಸ್ ಮೈನರ್ ಇಂಗ್ಲೆಂಡಿನಲ್ಲಿ 1970ರ ದಶಕದ ಆರಂಭಕ್ಕೇ ಮುಗಿಯಿತು. ಆದರೂ ಈ ಕಾರುಗಳನ್ನು ಜೋಪಾನ ಮಾಡಿಕೊಂಡು ಓಡಿಸುವವರು ಇದ್ದಾರೆ. ಹುಬ್ಬಳ್ಳಿಯ ಗುಜರಿಯಲ್ಲಿ ಕಂಡ ಗ್ರಿಲ್ ಪುಣೆಯವರಿಗೆ ಬೇಕು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕ ಕಾರ್ಬುರೇಟರ್ ಕೊಯಮತ್ತೂರಿಗೆ ಹೋಗಬೇಕು. ವರ್ಷಗಟ್ಟಲೆ ಹುಡುಕಿದ ಭಾಗ ದಾರಿಯಲ್ಲಿ ಮುರಿದರೆ ವಿಮೆಯವರು ಹೆಚ್ಚೆಂದರೆ ದುಡ್ಡು ಕೊಟ್ಟಾರು, ಭಾಗ ಎಲ್ಲಿಂದ ತರುತ್ತಾರೆ? ಅದಕ್ಕೇ ಪ್ಯಾಕಿಂಗ್ ಅನ್ನೋದನ್ನು ಕಾರು ರಿಪೇರಿಯಷ್ಟೇ ಶ್ರದ್ಧೆಯಿಂದ ಕಲಿಯಬೇಕು. ಮೊದಲ ಸಲ ಕಳಿಸುತ್ತಿರುವವರಿಗಾಗಿ ಇದನ್ನು ಬುಡದಿಂದ ಹೇಳುತ್ತೇನೆ.

ಮೊದಲು, ವಸ್ತು ಒಡೆಯುವುದು ಹೇಗೆ ಅಂತ ತಿಳಿಯೋಣ. ಪಾರ್ಸೆಲ್ ಒಂದು ಕೈಯಿಂದ ಜಾರಿ ಸೊಂಟದೆತ್ತರದಿಂದ, ಅಂದರೆ ಸುಮಾರು 75 ಸೆಂ.ಮೀ. ಮೇಲಿಂದ ಬಿತ್ತು ಅಂತಿಟ್ಟುಕೊಳ್ಳಿ. ಒಳಗಿನ ಭಾಗ ಅರ್ಧ ಸೆಂ.ಮೀ. ದೂರದಲ್ಲೇ ಗಕ್ಕನೆ ನಿಂತರೆ ಅದರ ಮೇಲೆ ಬೀಳುವ ಸರಾಸರಿ ಬಲ ಅದರ ತೂಕದ ಸುಮಾರು 150 ಪಟ್ಟು. ಅದೇ ಭಾಗ ಮೆತ್ತೆಯೊಳಗೆ 5 ಸೆಂ.ಮೀ. ಇಳಿದು ನಿಂತರೆ ಬರೀ 15 ಪಟ್ಟು. ಬಿದ್ದದ್ದು ಅಷ್ಟೇ ಎತ್ತರದಿಂದ, ನಿಲ್ಲಲು ಸಿಕ್ಕ ಜಾಗ ಮಾತ್ರ ಬೇರೆ. ಮೆತ್ತೆಯ ಕೆಲಸ ಇಷ್ಟೇ: ನಿಲ್ಲುವುದಕ್ಕೆ ದೂರ ಕೊಡುವುದು. 5 ಸೆಂ.ಮೀ. ದಪ್ಪದ ಫೋಮ್ ಪೂರ್ತಿ 5 ಸೆಂ.ಮೀ. ಕುಗ್ಗುವುದಿಲ್ಲ ಅನ್ನುವುದೂ ನೆನಪಿರಲಿ. ಸುತ್ತಲೂ 5ರಿಂದ 7 ಸೆಂ.ಮೀ. ಬಿಡಿ, ತೂಕದ ಭಾಗಕ್ಕೆ ಇನ್ನೂ ಹೆಚ್ಚು. ಪ್ಯಾಕಿಂಗ್ ಪರೀಕ್ಷಿಸುವ ಪ್ರಯೋಗಾಲಯಗಳೂ ಹತ್ತು ಕಿಲೋಗಿಂತ ಹಗುರಾದ ಪೆಟ್ಟಿಗೆಯನ್ನು ಹೆಚ್ಚುಕಡಿಮೆ ಇದೇ ಎತ್ತರದಿಂದ ಬೀಳಿಸುತ್ತವೆ: ಒಂದು ಮೂಲೆ, ಮೂರು ಅಂಚು, ಆರು ಮುಖ, ಒಟ್ಟು ಹತ್ತು ಸಲ. ನಿಮ್ಮ ಪೆಟ್ಟಿಗೆ ಹತ್ತೂ ಬೀಳುಗಳನ್ನು ತಾಳೀತೇ ಎಂದು ಕೇಳಿಕೊಂಡೇ ಟೇಪ್ ಹಚ್ಚಿ.

ಎರಡನೆಯ ಶತ್ರು ಅಲುಗಾಟ. ಲಾರಿಯಲ್ಲಿ ರಾತ್ರಿಯೆಲ್ಲ ಕುಲುಕುತ್ತ ಹೋಗುವಾಗ ಒಳಗೆ ಒಂದು ಬೆರಳು ಸಂದು ಇದ್ದರೂ ಭಾಗ ತಾನೇ ಜಾಗ ಮಾಡಿಕೊಂಡು ಮೂಲೆಗೆ ಸೇರುತ್ತದೆ, ಆಮೇಲೆ ಅಲ್ಲಿ ಮೆತ್ತೆ ಇದ್ದೂ ಇಲ್ಲದಂತೆ. ಥರ್ಮಾಕೋಲ್ ಗುಂಡುಗಳನ್ನು ತುಂಬುವುದು ಈ ಕಾರಣಕ್ಕೇ ಅಪಾಯ. ತೂಕದ ಭಾಗ ಗುಂಡುಗಳ ನಡುವೆ ಇಳಿದು ತಳ ಮುಟ್ಟುತ್ತದೆ. ಫೋಮ್ ಹಾಳೆ ಅಥವಾ ರಟ್ಟನ್ನು ಭಾಗದ ಆಕಾರಕ್ಕೆ ಕತ್ತರಿಸಿ ಕೂರಿಸುವುದೇ ಸರಿ. ಮುಚ್ಚುವ ಮುನ್ನ ಪೆಟ್ಟಿಗೆ ಎತ್ತಿ ಅಲ್ಲಾಡಿಸಿ, ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಿ.

ಇನ್ನು ಶುಚಿ. ಇಂಧನ ಟ್ಯಾಂಕ್, ಪೆಟ್ರೋಲ್ ಪಂಪ್, ಕಾರ್ಬುರೇಟರ್ ಇವುಗಳಲ್ಲಿ ಒಂದು ಚಮಚ ಪೆಟ್ರೋಲ್ ಉಳಿದರೂ ಕಳಿಸುವಂತಿಲ್ಲ. ಪೆಟ್ರೋಲಿನ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕಿಡಿ ಹಿಡಿಯಬಲ್ಲದು, ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಹುದುಗಿ ಕೂರುತ್ತದೆ. ವಿಮಾನದಲ್ಲಿ ಹೋಗುವ ಸರಕಿಗೆ ಇದು ಪ್ರಾಣದ ಪ್ರಶ್ನೆ. ಬಸಿದು, ತೊಳೆದು, ಬಾಯಿ ತೆರೆದು ಗಾಳಿಯಲ್ಲಿ ಒಣಗಿಸಿ, ವಾಸನೆ ಪೂರ್ತಿ ಹೋದ ಮೇಲೆ ಪ್ಯಾಕ್ ಮಾಡಿ. ಆಸಿಡ್ ತುಂಬಿದ ಬ್ಯಾಟರಿಯನ್ನು ಸಾಮಾನ್ಯ ಪಾರ್ಸೆಲ್‌ನಲ್ಲಿ ಹಾಕಲೇಬೇಡಿ. ಬ್ರೇಕ್ ಸಿಲಿಂಡರ್ ಆದರೆ ದ್ರವ ಬಸಿದು ತೂತುಗಳಿಗೆ ಬಿರಡೆ ಹಾಕಿ, ಏಕೆಂದರೆ ಬ್ರೇಕ್ ದ್ರವ ಪಕ್ಕದ ಭಾಗದ ಬಣ್ಣವನ್ನೇ ಎಬ್ಬಿಸುತ್ತದೆ.

ಕಬ್ಬಿಣ ಗಟ್ಟಿ, ಅದಕ್ಕೇನು ಪ್ಯಾಕಿಂಗ್ ಅಂತ ಹೊಸಬರು ಅಂದುಕೊಳ್ಳುತ್ತಾರೆ. ನಾನು ಅತಿ ಹೆಚ್ಚು ಒತ್ತಿ ಹೇಳುವ ಮಾತು ಇಲ್ಲಿದೆ. ಎರಕದ ಕಬ್ಬಿಣ ಬಾಗುವುದಿಲ್ಲ, ಸೀಳುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕಿವಿಗಳು, ವಾಟರ್ ಪಂಪಿನ ಚಾಚುಗಳು ಬೀಳುವಾಗ ತಮ್ಮದೇ ತೂಕಕ್ಕೆ ಮುರಿಯುತ್ತವೆ. ಇಂಥ ಭಾಗವನ್ನು ಪ್ಲೈವುಡ್ ಹಲಗೆಗೆ ಬೋಲ್ಟ್ ಹಾಕಿ ಕೂರಿಸಿ. ಅದರ ಸ್ವಂತ ಬೋಲ್ಟ್ ತೂತುಗಳೇ ಹಿಡಿತಕ್ಕೆ ಒದಗುತ್ತವೆ. ಆಮೇಲೆ ಹಲಗೆ ಸಮೇತ ಪೆಟ್ಟಿಗೆಗೆ ಇಳಿಸಿ, ಹಲಗೆಯ ಸುತ್ತ ಮೆತ್ತೆ. ಕ್ರ್ಯಾಂಕ್‌ಶಾಫ್ಟ್ ಆದರೆ ಬೇರಿಂಗಿನಲ್ಲಿ ಕೂರುವ ನುಣುಪಾದ ಜರ್ನಲ್‌ಗಳಿಗೆ ಎಣ್ಣೆ ಸವರಿ, ಎಣ್ಣೆ ಕಾಗದ ಸುತ್ತಿ, ಮೇಲೆ ದಪ್ಪ ರಟ್ಟು. ಅಲ್ಲೊಂದು ಗೀರು ಬಿದ್ದರೂ ಮತ್ತೆ ಗ್ರೈಂಡಿಂಗ್‌ಗೆ ಕೊಡಬೇಕಾದೀತು.

ಮೈನರ್‌ನಂಥ ಬ್ರಿಟಿಷ್ ಕಾರುಗಳಲ್ಲಿರುವ ಎಸ್‌ಯು ಕಾರ್ಬುರೇಟರನ್ನೇ ಮೇಜಿನ ಮೇಲಿಟ್ಟು ನೋಡೋಣ. ತಲೆಯ ಮೇಲೆ ಗಂಟೆಯಾಕಾರದ ಗೂಡು. ಒಳಗೆ ಪಿಸ್ಟನ್, ಪಿಸ್ಟನ್ನಿನ ಕೆಳಗೆ ತೆಳ್ಳನೆಯ ಓರೆ ಸೂಜಿ, ಆ ಸೂಜಿ ಜೆಟ್ಟಿನ ತೂತಿಗೆ ಇಳಿಯುತ್ತದೆ. ಗೂಡೂ ಪಿಸ್ಟನ್ನೂ ಹೊಂದಿಸಿ ಮಾಡಿದ ಜೋಡಿ, ಗೂಡಿಗೆ ಸಣ್ಣ ತಗ್ಗು ಬಿದ್ದರೂ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಮೇಲಿನ ಡ್ಯಾಂಪರ್ ಬಿಚ್ಚಿ ಒಳಗಿನ ಎಣ್ಣೆ ಚೆಲ್ಲಿ, ಮತ್ತೆ ತಿರುಗಿಸಿ ಮುಚ್ಚಿ. ಫ್ಲೋಟ್ ಚೇಂಬರ್ ಬಸಿಯಿರಿ. ಜೋಡಿಸಿದ ಸ್ಥಿತಿಯಲ್ಲೇ ಕಳಿಸುವುದು ಉತ್ತಮ, ಸೂಜಿ ತನ್ನ ಜಾಗದಲ್ಲೇ ಸುರಕ್ಷಿತವಾಗಿರುತ್ತದೆ. ಬಿಚ್ಚಿದ್ದರೆ ಪಿಸ್ಟನ್ನನ್ನು ಸೂಜಿ ಸಮೇತ ಗಟ್ಟಿ ರಟ್ಟಿನ ಕೊಳವೆಯಲ್ಲಿಟ್ಟು, ಅದರ ಜೋಡಿ ಗೂಡಿನ ಪಕ್ಕದಲ್ಲೇ ಇಡಿ. ಆಚೀಚೆ ಚಾಚಿದ ಥ್ರಾಟಲ್ ಕಡ್ಡಿಯ ತುದಿಗಳು ಮೊದಲು ಬಾಗುವ ಜಾಗ, ಅವುಗಳಿಗೆ ಫೋಮ್ ತುಂಡು ಚುಚ್ಚಿ. ಗಾಳಿ ಬರುವ ಬಾಯಿಗೆ ರಟ್ಟಿನ ಮುಚ್ಚಳ. ಸ್ಕ್ರೂ, ವಾಷರ್, ಸ್ಪ್ರಿಂಗ್ ಎಲ್ಲ ಜಿಪ್ ಚೀಲದಲ್ಲಿ ಹಾಕಿ ಹೆಸರು ಬರೆದು ಭಾಗಕ್ಕೇ ಕಟ್ಟಿ, ಪೆಟ್ಟಿಗೆಯಲ್ಲಿ ಬಿಡಿಯಾಗಿ ಎಸೆಯಬೇಡಿ.

ಹೆಡ್‌ಲೈಟಿನ ಪ್ರತಿಫಲಕ ಇನ್ನೂ ಸೂಕ್ಷ್ಮ. ಒಳಗಿನ ಹೊಳಪನ್ನು ಬೆರಳಿಂದ ಮುಟ್ಟಿದರೆ ಬೆವರಿನ ಉಪ್ಪು ಅಲ್ಲೇ ಉಳಿದು ಕಲೆಯಾಗುತ್ತದೆ. ಅಂಚು ಹಿಡಿದೇ ಎತ್ತಿ, ಬಲ್ಬ್ ತೆಗೆದು ಬೇರೆ ಸುತ್ತಿ, ಗಾಜನ್ನೂ ಪ್ರತಿಫಲಕವನ್ನೂ ಬೇರೆ ಬೇರೆ ಡಬ್ಬಗಳಲ್ಲಿಟ್ಟು ದೊಡ್ಡ ಪೆಟ್ಟಿಗೆಯೊಳಗೆ ಸೇರಿಸಿ. ಡಿಸ್ಟ್ರಿಬ್ಯೂಟರಿನ ಬೇಕಲೈಟ್ ಮುಚ್ಚಳಕ್ಕೂ ಹೀಗೇ ಡಬ್ಬದೊಳಗೆ ಡಬ್ಬ ಬೇಕು. ವಿಂಡ್‌ಶೀಲ್ಡ್ ಮಾತ್ರ ಕೊರಿಯರಿಗೆ ಕೊಡಬೇಡಿ ಅನ್ನುವುದೇ ನನ್ನ ಸಲಹೆ. ಗಾಜಿನ ಬಲಹೀನತೆ ಅಂಚಿನಲ್ಲಿದೆ, ಅಲ್ಲಿ ಚಕ್ಕೆ ಎದ್ದರೆ ಬಿರುಕು ಓಡುತ್ತದೆ. ಕಳಿಸಲೇಬೇಕಾದರೆ ಮರದ ಚೌಕಟ್ಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಮಲಗಿಸಿದರೆ ಮೇಲೆ ಯಾರಾದರೂ ಇನ್ನೊಂದು ಪೆಟ್ಟಿಗೆ ಹೇರಿಯೇ ಹೇರುತ್ತಾರೆ.

ಬಂಪರ್, ಗ್ರಿಲ್‌ನಂಥ ಕ್ರೋಮ್ ಭಾಗಗಳಿಗೆ ಉಜ್ಜುವಿಕೆಯೂ ತೇವವೂ ಹಗೆ. ಹಳೇ ಪೇಪರ್ ತೇವ ಹೀರಿ ಲೋಹಕ್ಕೆ ಅಂಟುತ್ತದೆ, ಬೇಡ. ಬಬಲ್ ರ‍್ಯಾಪ್ ನೇರವಾಗಿ ಸುತ್ತಿದರೆ ಹೊಸದಾಗಿ ಬಣ್ಣ ಹೊಡೆದ ಭಾಗಗಳ ಮೇಲೆ ಗುಳ್ಳೆಗಳ ಅಚ್ಚು ಬೀಳಬಹುದು. ಮೊದಲು ಮೆತ್ತನೆಯ ಬಟ್ಟೆ ಅಥವಾ ತುಕ್ಕು ತಡೆಯುವ ವಿಸಿಐ ಕಾಗದ, ಆಮೇಲೆ ಬಬಲ್, ಜೊತೆಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಪಾರ್ಸೆಲ್ ಕಟ್ಟುವವರು ಇದನ್ನು ಬಿಡಲೇಬಾರದು.

ಪೆಟ್ಟಿಗೆ ಹೊಸದಿರಲಿ. ಸಣ್ಣ ಭಾಗಕ್ಕೆ ಐದು ಪ್ಲೈ (ಪದರ) ರಟ್ಟಿನದು, ತೂಕದ್ದಕ್ಕೆ ಏಳು ಪ್ಲೈ, 25–30 ಕಿಲೋ ದಾಟಿದರೆ ಮರದ್ದು. ಟೇಪನ್ನು ನಡುವಿನ ಸೀಳಿಗೂ ಎರಡು ಬದಿಯ ಅಂಚಿಗೂ ಹಾಕಿ. ಕೊಡುವವರ, ಪಡೆಯುವವರ ವಿಳಾಸದ ಚೀಟಿಯೊಂದು ಒಳಗೂ ಇರಲಿ, ಹೊರಗಿನದು ಹರಿದರೆ ಅದೇ ಗತಿ.

ವಿದೇಶಕ್ಕಾದರೆ ನಿಯಮಗಳು ಬೇರೆ. ಮರದ ಪೆಟ್ಟಿಗೆಯ ಹಲಗೆಯ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು, ಅದಕ್ಕೆ ಐಎಸ್‌ಪಿಎಂ 15 ಮುದ್ರೆ ಇರಬೇಕು. ಕೀಟ ಹರಡದಿರಲೆಂದು ಈ ಕಟ್ಟುನಿಟ್ಟು. ಪ್ಲೈವುಡ್ಡಿಗೆ ಇದು ಅನ್ವಯಿಸುವುದಿಲ್ಲವಾದ್ದರಿಂದ ಸಣ್ಣ ಕ್ರೇಟಿಗೆ ಅದೇ ಸುಲಭ. ನಮ್ಮಲ್ಲಿ ಗಾಜಿನ ಸಾಮಾನಿಗೆ ಬಳಸುವ ಭತ್ತದ ಹುಲ್ಲು ಆಸ್ಟ್ರೇಲಿಯಾದ ಬಂದರಿನಲ್ಲಿ ಒಳಗೆ ಹೋಗುವುದಿಲ್ಲ. ಹಳೇ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟ್, ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಹೆಚ್ಚು. ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯಾ 2003ರ ಕೊನೆಯಲ್ಲಿ ಅದನ್ನು ನಿಷೇಧಿಸಿವೆ. ಇಂಥವನ್ನು ಅಲ್ಲಿಗೆ ಕಳಿಸುವುದು ಬೇಡವೇ ಬೇಡ, ಇಲ್ಲಿ ಬಿಚ್ಚುವಾಗಲೂ ಧೂಳು ಊದಬೇಡಿ.

ಬಾಡಿಗೆಯ ಲೆಕ್ಕವೂ ತಿಳಿದಿರಲಿ. ಹಲವು ಕೊರಿಯರ್‌ಗಳು ಉದ್ದ, ಅಗಲ, ಎತ್ತರಗಳನ್ನು ಸೆಂ.ಮೀ.ಗಳಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ. 160×30×25ರ ಬಂಪರ್ ಪೆಟ್ಟಿಗೆಗೆ ಅದು 24 ಕಿಲೋ. ನಿಜ ತೂಕ ಹತ್ತೇ ಇದ್ದರೂ ಬಿಲ್ಲು 24ಕ್ಕೆ. ಅಂಥ ಉದ್ದನೆಯ ಸರಕಿಗೆ ಬೆಂಗಳೂರಿನ ಕಲಾಸಿಪಾಳ್ಯದಂಥ ಕಡೆಯ ಲಾರಿ ಟ್ರಾನ್ಸ್‌ಪೋರ್ಟೇ ಅಗ್ಗ. ಎಲ್‌ಆರ್ (ಲಾರಿ ರಸೀದಿ) ಚೀಟಿ ಜೋಪಾನವಾಗಿಡಿ. ದುಡ್ಡು ಉಳಿಸಲೆಂದು ಪೆಟ್ಟಿಗೆ ಕುಗ್ಗಿಸಿ ಮೆತ್ತೆ ಮಾತ್ರ ಕಡಿಮೆ ಮಾಡಬೇಡಿ.

ಕಟ್ಟುವ ಪ್ರತಿ ಹಂತದ ಫೋಟೋ ತೆಗೆದು ಪಡೆಯುವವರಿಗೆ ಕಳಿಸಿ, ಯಾವ ಕಡೆಯಿಂದ ತೆರೆಯಬೇಕು ಎಂದು ಪೆಟ್ಟಿಗೆಯ ಮೇಲೆ ಬರೆಯಿರಿ. ಸರಕು ತಲುಪಿದಾಗ ಅವರು ಸಹಿ ಹಾಕುವ ಮುನ್ನ ಪೆಟ್ಟಿಗೆಯ ಆರೂ ಬದಿ ನೋಡಲಿ. ಮೂಲೆ ಜಜ್ಜಿದ್ದರೆ ಡೆಲಿವರಿ ಚೀಟಿಯಲ್ಲೇ ಬರೆದು ಫೋಟೋ ಹಿಡಿದು ಆಮೇಲೆ ತೆರೆಯಲಿ. ಭಾಗ ಕಾರಿಗೆ ಕೂತು ಸರಿಯಿದೆ ಅಂತ ಖಾತ್ರಿಯಾಗುವ ತನಕ ಪೆಟ್ಟಿಗೆ, ಫೋಮ್, ಚೀಟಿ ಯಾವುದನ್ನೂ ಎಸೆಯದಂತೆ ಅವರಿಗೆ ಮೊದಲೇ ಹೇಳಿಡಿ.