ಬಗ್ಗಿ ದುಡಿದ ಸೊಂಟಕ್ಕೆ ಯಾವ ವ್ಯಾಯಾಮ?

ನಂಜನಗೂಡಿನ ಕಪಿಲೆಯ ಸ್ನಾನಘಟ್ಟದಲ್ಲಿ ಮೆಟ್ಟಿಲು ಹತ್ತುವವರನ್ನು ಹಿಂದಿನಿಂದ ಗಮನಿಸಿ. ಒಂದು ಕಾಲೂರಿ ಇನ್ನೊಂದನ್ನು ಎತ್ತಿದಾಗ, ಎತ್ತಿದ ಕಡೆಯ ಸೊಂಟ ಕೆಳಗೆ ಜಾರುತ್ತಿದ್ದರೆ ಊರಿದ ಕಾಲಿನ ಕಡೆ, ಸೊಂಟದ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಸ್ನಾಯು ಬಹುಪಾಲು ಸೋತಿರುತ್ತದೆ. ನಮ್ಮವ್ವನ ನಡಿಗೆಯಲ್ಲಿ ಇದನ್ನು ಕಂಡ ಮೇಲೆಯೇ ನಾನು ಸೊಂಟದ ವ್ಯಾಯಾಮಗಳನ್ನು ಒಂದರ ಪಕ್ಕ ಒಂದಿಟ್ಟು ನೋಡತೊಡಗಿದ್ದು.

ಅವ್ವ ತಿ. ನರಸೀಪುರ ತಾಲ್ಲೂಕಿನವರು. ನಾಟಿ, ಕಳೆ, ಕೊಯ್ಲು ಎಂದು ಆಯುಷ್ಯವೆಲ್ಲ ಬಗ್ಗಿ ದುಡಿದವರು. ಬಗ್ಗಿದಾಗ ಪೃಷ್ಠದ ದೊಡ್ಡ ಸ್ನಾಯು ಹಿಗ್ಗಿಕೊಂಡೇ ಭಾರ ತಡೆಯುತ್ತದೆ. ಕುಗ್ಗಿ ಬಿಗಿಯುವ ಕೊನೆಯ ಹಂತದ ಅಭ್ಯಾಸ ಗದ್ದೆಯಲ್ಲಿ ಅದಕ್ಕೆ ಸಿಗುವುದಿಲ್ಲ. ಬಸ್ಕಿಯಲ್ಲೂ ಅಷ್ಟೇ: ತೊಡೆ ನೆಲಕ್ಕೆ ಸಮವಾದಾಗ ಸೊಂಟದ ಮೇಲೆ ಹೊರೆ ಹೆಚ್ಚು, ಎದ್ದು ನಿಂತರೆ ಇಲ್ಲವೆನ್ನುವಷ್ಟು ಕಡಿಮೆ. ಅಂಗಾತ ಮಲಗಿ ಮಂಡಿ ಮಡಿಸಿ ಮಾಡುವ ಸೇತುಬಂಧಾಸನದಲ್ಲಿ ಮಾತ್ರ ಸೊಂಟ ಮೇಲೆದ್ದು ನೆಟ್ಟಗಾದ ಮೇಲೂ ಸ್ನಾಯುವಿಗೆ ಬಿಡುವಿಲ್ಲ. ಹಿಮ್ಮಡಿಯನ್ನು ಪೃಷ್ಠದ ಹತ್ತಿರಕ್ಕೆ ಎಳೆದುಕೊಂಡಷ್ಟೂ ತೊಡೆಯ ಹಿಂಭಾಗದ ಪಾಲು ಇಳಿದು ಪೃಷ್ಠದ ಪಾಲು ಏರುತ್ತದೆ. ಅವ್ವನಿಗೆ ತೊಡೆಯ ಹಿಂಬದಿ ಹಿಡಿದುಕೊಂಡಾಗ ಪಾದವನ್ನು ಒಂದು ಗೇಣು ಒಳಕ್ಕೆ ತಂದದ್ದೇ ಸಾಕಾಯಿತು.

ಬಸ್ಕಿಯೆಂದರೂ ಎಲ್ಲ ಒಂದೇ ಅಲ್ಲ. ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ಏಳುತ್ತದೆ, ಮಂಡಿ ಮುಂದಕ್ಕೆ ಹೋಗುತ್ತದೆ. ಹೊರೆ ಹೆಚ್ಚಾಗಿ ಮಂಡಿಗೂ ತೊಡೆಯ ಮುಂಭಾಗಕ್ಕೂ ಬೀಳುತ್ತದೆ. ಪೈಲ್ವಾನರಿಗೆ ಅದು ಬೇಕು. ಪಾದವನ್ನು ಪೂರ್ತಿ ಊರಿ, ಕುರ್ಚಿಯಲ್ಲಿ ಕೂರುವವರಂತೆ ಸೊಂಟವನ್ನು ಹಿಂದಕ್ಕೆ ತಳ್ಳಿ, ಎದೆಯನ್ನು ಮುಂದಕ್ಕೆ ಬಾಗಿಸಿದರೆ ಅದೇ ಹೊರೆ ಸೊಂಟಕ್ಕೆ ವರ್ಗವಾಗುತ್ತದೆ. ಮಂಡಿನೋವಿನವರಿಗೆ ನಾನು ಹೇಳುವುದು ಈ ಎರಡನೆಯದನ್ನೇ.

ಪಕ್ಕದ ಸ್ನಾಯುವಾದ ಗ್ಲೂಟಿಯಸ್ ಮೀಡಿಯಸ್‌ನ ವಿಚಾರದಲ್ಲಿ ಆಯ್ಕೆ ಇನ್ನೂ ಸೂಕ್ಷ್ಮ. ಒಂಟಿ ಕಾಲಲ್ಲಿ ನಿಂತಾಗ ಸೊಂಟದ ಕೀಲಿನ ಮೇಲೆ ದೇಹತೂಕದ ಸುಮಾರು ಎರಡೂವರೆಯಿಂದ ಮೂರು ಪಟ್ಟು ಒತ್ತಡ ಬೀಳುತ್ತದೆ. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತುವಾಗ ಎತ್ತಬೇಕಾದದ್ದು ಕಾಲಿನ ಭಾರ ಮಾತ್ರ. ಹಾಗೆಂದು ಅದು ಸುಲಭದ್ದೆಂದು ತಳ್ಳಿಹಾಕುವಂತಿಲ್ಲ. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಸ್ನಾಯುಗಳ ವಿದ್ಯುತ್ ಚಟುವಟಿಕೆ ಅಳೆದಾಗ, ಪರೀಕ್ಷಿಸಿದ ವ್ಯಾಯಾಮಗಳಲ್ಲೆಲ್ಲ ಗ್ಲೂಟಿಯಸ್ ಮೀಡಿಯಸ್‌ಗೆ ಅತಿ ಹೆಚ್ಚು ಕೆಲಸ ಕೊಟ್ಟದ್ದು ಇದೇ. ಒಂಟಿ ಕಾಲಿನ ಬಸ್ಕಿ ಪೃಷ್ಠದ ದೊಡ್ಡ ಸ್ನಾಯುವಿನ ವಿಷಯದಲ್ಲಿ ಮುಂದಿತ್ತು.

ನದಿ ಸಂಗಮಕ್ಕೆ ಹೋಗುವಾಗ, ನೋವಿಲ್ಲದ ಕಡೆಯ ಕೈಲಿ ಕೋಲು ಹಿಡಿಯಲು ಹೇಳಿದ್ದಕ್ಕೆ ಅವ್ವ ಕೇಳಿದರು: "ನೋವಿರೋ ಕಡೆ ಬಿಟ್ಟು ಆಚೆ ಕೈಲಿ ಯಾಕಪ್ಪ ಕೋಲು ಹಿಡೀಬೇಕು?" ಸೋತ ಸ್ನಾಯು ಕೀಲಿನಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿ ಎಳೆಯಬೇಕು, ಎದುರು ಕೈಯ ಕೋಲು ಬಹಳ ದೂರದಿಂದ ಒತ್ತುತ್ತದೆ. ಆದ್ದರಿಂದ ಸ್ವಲ್ಪ ಊರಿದರೂ ಸ್ನಾಯುವಿನ ಶ್ರಮ ಬಹಳ ಇಳಿಯುತ್ತದೆ. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಅವ್ವನಿಗೇ ಅದು ಗೊತ್ತಾಯಿತು.

ಊರುಗಳಲ್ಲಿ ಯೋಗ, ವ್ಯಾಯಾಮ ಹೇಳಿಕೊಡುವವರಲ್ಲಿ ನನ್ನದೊಂದು ವಿನಂತಿ: ನಾಟಿಗೆ ಹೋಗುವ ಹೆಣ್ಣುಮಕ್ಕಳಿಗೆ ಬಸ್ಕಿಗಿಂತ ಮೊದಲು ಸೇತುಬಂಧವನ್ನೂ ಮಗ್ಗುಲಾಗಿ ಕಾಲೆತ್ತುವುದನ್ನೂ ಕಲಿಸಿ. ತೊಡೆಸಂದಿಯಲ್ಲಿ ನೋವಿದ್ದವರನ್ನು ಮೊದಲು ವೈದ್ಯರ ಬಳಿಗೆ ಕಳಿಸಿ.